ಗುಡ್ಡ ಕುಸಿದ ಮರುದಿನ ಸಹಿ ಹಾಕುವವರು ಯಾರು?

ಪ್ರಶ್ನೆ: ನಾನು ಹಾಸನದ ಒಂದು ವಿಶ್ವವಿದ್ಯಾಲಯ ಕ್ಯಾಂಪಸ್‌ನಲ್ಲಿ ಸಹಾಯಕ ಪ್ರಾಧ್ಯಾಪಕಿ. ಮಳೆಗಾಲ ಆರಂಭವಾಗುವ ಮುನ್ನ ‘ವಿಪತ್ತಿನ ನಂತರವೂ ಕೆಲಸ ಮುಂದುವರಿಸುವ ಯೋಜನೆ’ ಬರೆದುಕೊಡುವ ಹೊಣೆಯನ್ನು ನನಗೆ ವಹಿಸಿದ್ದಾರೆ. ನಮ್ಮಲ್ಲಿ ಬೆಂಕಿ ಆರಿಸುವ ಸಿಲಿಂಡರುಗಳಿವೆ, ಹೊರಹೋಗುವ ದಾರಿಯ ನಕ್ಷೆ ಗೋಡೆಯ ಮೇಲಿದೆ, ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆಯೂ ನಡೆಯುತ್ತದೆ. ಆದರೂ ಹಿಂದೊಮ್ಮೆ ಸಕಲೇಶಪುರದ ಕಡೆ ಮಳೆ ಜೋರಾಗಿ ರಸ್ತೆ ಬಂದ್ ಆದಾಗ ಪರೀಕ್ಷೆ ಮುಂದಕ್ಕೆ ಹೋಯಿತು, ಫಲಿತಾಂಶ ತಡವಾಯಿತು, ಕೆಲವು ಮಕ್ಕಳಿಗೆ ಬಿ.ಇಡಿ ಪ್ರವೇಶವೇ ತಪ್ಪಿತು. ಅಂತರ್ಜಾಲದಲ್ಲಿ ಸಿಗುವ ಮಾದರಿಗಳು ನೂರಾರು ಪುಟಗಳಿವೆ, ನಮಗೆ ಒಗ್ಗುವುದಿಲ್ಲ. ಎಲ್ಲಿಂದ ಹಿಡಿಯಲಿ? ಆನ್‌ಲೈನ್ ತರಗತಿಯ ವ್ಯವಸ್ಥೆ ಇದ್ದರೆ ಸಾಕು ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಅದು ಸರಿಯೇ?
– ಹೆಸರು ಬೇಡ, ಹಾಸನ

ಉತ್ತರ: ಮೇಡಂ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆನ್‌ಲೈನ್ ತರಗತಿ ಸಾಲದು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಕಾಲೇಜುಗಳು ಮುಚ್ಚಿದಾಗ ರಸ್ತೆಗಳು ಚೆನ್ನಾಗಿದ್ದವು, ವಿದ್ಯುತ್ ಕಂಬಗಳು ನೆಟ್ಟಗಿದ್ದವು; ಜನ ಒಂದೆಡೆ ಸೇರುವಂತಿರಲಿಲ್ಲ, ಅಷ್ಟೇ. ಹಾಗಾಗಿ ಫೋನಿನಲ್ಲಿ ಪಾಠ ಹೇಳುವುದು ಒಂದು ಮಟ್ಟಿಗೆ ಕೈಹಿಡಿಯಿತು. ಮಲೆನಾಡಿನ ಮಳೆಯ ರೀತಿಯೇ ಬೇರೆ. ಜನ ಆರೋಗ್ಯವಾಗಿಯೇ ಇರುತ್ತಾರೆ. ರಸ್ತೆ, ಕರೆಂಟ್, ಸಿಗ್ನಲ್ ಮೂರೂ ಒಟ್ಟಿಗೆ ಹೋಗುತ್ತವೆ. ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯ ಒಳಗಿನ ಊರೊಂದರಲ್ಲಿ ತಂತಿಯ ಮೇಲೆ ಮರ ಬಿದ್ದರೆ ಮೊಬೈಲ್ ಗೋಪುರದ ಬ್ಯಾಟರಿ ಕೆಲವು ಗಂಟೆಗಳಲ್ಲಿ ಬರಿದಾಗುತ್ತದೆ. ಅದರ ಜನರೇಟರಿಗೆ ಡೀಸೆಲ್ ಒಯ್ಯಬೇಕಾದ ದಾರಿಯಲ್ಲೇ ಇನ್ನೊಂದು ಮರ ಬಿದ್ದಿರುತ್ತದೆ. ಆ ಊರಿನ ವಿದ್ಯಾರ್ಥಿನಿಗೆ ನೀವು ಕಳುಹಿಸಿದ ತರಗತಿಯ ಲಿಂಕ್ ನಾಲ್ಕು ದಿನ ಕಳೆದು ತಲುಪುತ್ತದೆ. ಕೋವಿಡ್ ಕಾಲದ ಪಾಠವನ್ನು ಹಾಗೆಯೇ ಮಳೆಗಾಲಕ್ಕೆ ಹೊಂದಿಸಿದರೆ ಯಾರು ಹೆಚ್ಚು ತೊಂದರೆಯಲ್ಲಿದ್ದಾರೋ ಅವರೇ ಮೊದಲು ಬಿಟ್ಟುಹೋಗುತ್ತಾರೆ.

ಇನ್ನು ನಿಮ್ಮ ಸಿಲಿಂಡರು, ನಕ್ಷೆ, ಅಣಕು ಕಾರ್ಯಾಚರಣೆ. ಅವು ಬೇಕೇ ಬೇಕು, ಆದರೆ ಅವು ಬೇರೊಂದು ಯೋಜನೆಗೆ ಸೇರಿದವು. ಪ್ರಾಣ ಉಳಿಸುವ ಯೋಜನೆ ಗಂಟೆಗಳ ಲೆಕ್ಕದ್ದು. ಕೆಲಸ ಮುಂದುವರಿಸುವ ಯೋಜನೆ ದಿನ, ವಾರ, ತಿಂಗಳುಗಳ ಲೆಕ್ಕದ್ದು. ಎಲ್ಲರೂ ಸುರಕ್ಷಿತರಾಗಿದ್ದಾರೆ ಎಂದು ಖಚಿತವಾದ ಕ್ಷಣದಲ್ಲಿ ಮೊದಲನೆಯದು ಮುಗಿಯುತ್ತದೆ, ಎರಡನೆಯದು ಆರಂಭವಾಗುತ್ತದೆ. ನಮ್ಮ ಬಹುಪಾಲು ಸಂಸ್ಥೆಗಳಲ್ಲಿ ಮೊದಲನೆಯದರ ಕಡತ ಇರುತ್ತದೆ, ಎರಡನೆಯದರ ಜಾಗದಲ್ಲಿ ಏನೂ ಇರುವುದಿಲ್ಲ. ನಿಮ್ಮ ಮಕ್ಕಳಿಗೆ ಬಿ.ಇಡಿ ತಪ್ಪಿಸಿದ್ದು ಮಳೆಯಲ್ಲ. ಮಳೆ ನಿಂತ ನಂತರದ ಆ ಹದಿನೈದು–ಇಪ್ಪತ್ತು ದಿನ. ಹೀಗೆ ಹೇಳುವಾಗ ನನಗೆ ನೋವಾಗುತ್ತದೆ, ಏಕೆಂದರೆ ನನ್ನ ಸೇವೆಯ ಹೆಚ್ಚಿನ ಭಾಗ ಕಳೆದದ್ದು ಪರೀಕ್ಷಾಂಗದಲ್ಲಿ. ಅಂಕಪಟ್ಟಿಗಾಗಿ ಕಿಟಕಿಯ ಮುಂದೆ ನಿಂತ ಮಕ್ಕಳ ಮುಖಗಳು ಈಗಲೂ ಕಣ್ಣ ಮುಂದಿವೆ.

ಹೊರಗಿನ ಎರಡು ಉದಾಹರಣೆ ಹೇಳಿ ನಮ್ಮೂರಿಗೆ ಬರುತ್ತೇನೆ. 2005ರ ಆಗಸ್ಟ್ ಕೊನೆಯಲ್ಲಿ ಕತ್ರಿನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ತುಲೇನ್ ವಿಶ್ವವಿದ್ಯಾಲಯ ಒಂದು ಇಡೀ ಸೆಮಿಸ್ಟರ್ ಮುಚ್ಚಿ, 2006ರ ಜನವರಿಯಲ್ಲಿ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಅದರ ವಿದ್ಯಾರ್ಥಿಗಳನ್ನು ದೇಶದ ನೂರಾರು ಕಾಲೇಜುಗಳು ತಮ್ಮಲ್ಲಿ ಕೂರಿಸಿಕೊಂಡವು. ಅಷ್ಟು ದೊಡ್ಡ ಸಂಸ್ಥೆಯೂ ಸಿಬ್ಬಂದಿಗೆ ಸಂಬಳ ಹಾಕಲು ಬೇಕಾದ ಕಂಪ್ಯೂಟರ್ ಟೇಪುಗಳನ್ನು ಮುಳುಗಿದ ನಗರದೊಳಕ್ಕೆ ಮತ್ತೆ ಹೋಗಿ ತರಬೇಕಾಯಿತು. ಇನ್ನೊಂದು, ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯ. 2011ರ ಫೆಬ್ರುವರಿ 22ರ ಭೂಕಂಪದ ನಂತರ ಕಟ್ಟಡಗಳ ತಪಾಸಣೆ ಮುಗಿಯುವವರೆಗೆ ಕಾಯದೆ ಮಾರ್ಚ್‌ನಲ್ಲೇ ಡೇರೆ ಹಾಕಿ ಪಾಠ ಶುರುಮಾಡಿದರು. ಕಟ್ಟಡ ಇಲ್ಲದಿದ್ದರೂ ವಿಶ್ವವಿದ್ಯಾಲಯ ನಡೆಯುತ್ತದೆ. ಯಾರು ಏನು ಓದುತ್ತಿದ್ದಾರೆ ಎಂಬ ದಾಖಲೆ ಮತ್ತು ‘ಹೀಗೆ ಮಾಡಿ’ ಎಂದು ಹೇಳುವ ಅಧಿಕಾರ ಇಲ್ಲದಿದ್ದರೆ ನಡೆಯುವುದಿಲ್ಲ.

ನಮ್ಮ ಜಿಲ್ಲೆಗೆ ಇಂಥದ್ದು ಹೊಸದಲ್ಲ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿ ಕುಸಿದದ್ದು, ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗ ವಾರಗಟ್ಟಲೆ ನಿಂತದ್ದು ನಿಮಗೆ ನೆನಪಿರಬಹುದು. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಹೆದ್ದಾರಿಯ ಮೇಲೆ ಮತ್ತೆ ಮತ್ತೆ ಮಣ್ಣು ಬಂತು. ಅದೇ ತಿಂಗಳ 26ರಂದು ಎಡಕುಮರಿ–ಕಡಗರವಳ್ಳಿ ನಡುವೆ ಹಳಿಯ ಬದಿಯ ಮಣ್ಣು ಜಾರಿ ರೈಲುಗಳು ಆಗಸ್ಟ್ ಆರಂಭದವರೆಗೆ ಓಡಲಿಲ್ಲ. ನೆರೆಯ ಚಿಕ್ಕಮಗಳೂರು ಜಿಲ್ಲೆಯಲ್ಲಿ 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳು ಗುಡ್ಡ ಕುಸಿತಕ್ಕೆ ಸಿಕ್ಕಿದವು, ಚಾರ್ಮಾಡಿ ಘಾಟಿ ಮುಚ್ಚಿತು. ಈ ಎಲ್ಲ ತಾರೀಖುಗಳೂ ಜುಲೈ, ಆಗಸ್ಟ್‌ಗಳಲ್ಲೇ ಬರುತ್ತವೆ ಎಂಬುದನ್ನು ಗಮನಿಸಿ. ನಮ್ಮಲ್ಲಿ ವಿಪತ್ತು ಬಹುತೇಕ ಹೇಳಿಯೇ ಬರುತ್ತದೆ. ಪ್ರವೇಶಾತಿ, ಫಲಿತಾಂಶ, ಅಂಕಪಟ್ಟಿಗಳ ಗಡಿಬಿಡಿಯೂ ಅದೇ ತಿಂಗಳುಗಳಲ್ಲಿ ಬಂದು ನಿಲ್ಲುತ್ತದೆ.

ಆದ್ದರಿಂದ ‘ಎಲ್ಲಿಂದ ಹಿಡಿಯಲಿ’ ಎಂಬುದಕ್ಕೆ ನನ್ನ ಉತ್ತರ: ವಿಪತ್ತುಗಳ ಪಟ್ಟಿಯಿಂದಲ್ಲ, ನಿಮ್ಮ ಶೈಕ್ಷಣಿಕ ವೇಳಾಪಟ್ಟಿಯಿಂದ. ಭೂಕಂಪವಾದರೆ, ಬೆಂಕಿ ಬಿದ್ದರೆ, ಪ್ರವಾಹ ಬಂದರೆ ಎಂದು ಅಧ್ಯಾಯ ಬರೆಯುತ್ತಾ ಹೋದರೆ ನೀವು ಹೇಳಿದ ಆ ನೂರಾರು ಪುಟವೇ ಆಗುತ್ತದೆ. ಕಾರಣ ಯಾವುದೇ ಇರಲಿ, ಪರಿಣಾಮಗಳು ನಾಲ್ಕೇ: ಕಟ್ಟಡ ಸಿಗುವುದಿಲ್ಲ, ಜನ ಸಿಗುವುದಿಲ್ಲ, ಕರೆಂಟ್–ಸಂಪರ್ಕ ಸಿಗುವುದಿಲ್ಲ, ದಾಖಲೆ ಸಿಗುವುದಿಲ್ಲ. ವೇಳಾಪಟ್ಟಿಯನ್ನು ಮೇಜಿನ ಮೇಲೆ ಹರಡಿ, ಪ್ರತಿ ಕೆಲಸಕ್ಕೂ ಎರಡು ಪ್ರಶ್ನೆ ಕೇಳಿ. ಇದು ಎಷ್ಟು ಹೊತ್ತು ನಿಲ್ಲಬಹುದು? ಇದರಲ್ಲಿ ಎಷ್ಟನ್ನು ಕಳೆದುಕೊಂಡರೆ ತಡೆದುಕೊಳ್ಳಬಹುದು? ವಿದ್ಯಾರ್ಥಿನಿಲಯದ ಊಟ ಒಂದು ಹೊತ್ತಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಗ್ರಂಥಾಲಯ ಒಂದು ವಾರ ಮುಚ್ಚಿದರೂ ನಡೆಯುತ್ತದೆ. ಆಂತರಿಕ ಮೌಲ್ಯಮಾಪನದ ಅಂಕಗಳನ್ನು ಯುಯುಸಿಎಂಎಸ್‌ಗೆ, ಅಂದರೆ ರಾಜ್ಯದ ವಿಶ್ವವಿದ್ಯಾಲಯ–ಕಾಲೇಜುಗಳ ಪ್ರವೇಶ, ಪರೀಕ್ಷೆಗಳ ತಂತ್ರಾಂಶಕ್ಕೆ, ತುಂಬುವ ಕೆಲಸ ಕೊನೆಯ ದಿನಾಂಕಕ್ಕೆ ತಿಂಗಳಿದ್ದಾಗ ಆರಾಮದ್ದು. ಎರಡು ದಿನವಿದ್ದಾಗ ಊಟದಷ್ಟೇ ತುರ್ತಿನದು. ಅಂದರೆ ಯಾವ ಕೆಲಸ ಮುಖ್ಯ ಎಂಬುದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಬಹಳಷ್ಟು ಮಾದರಿಗಳು ಇದನ್ನು ಕಡೆಗಣಿಸಿ ವರ್ಷವಿಡೀ ಒಂದೇ ಪಟ್ಟಿ ಕೊಡುತ್ತವೆ. ನೀವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೆ ನಾಲ್ಕು ಹಾಳೆ ಮಾಡಿ. ಉಳಿದ ತಿಂಗಳಿಗೆ ಒಂದು ಹಾಳೆ ಸಾಕು.

ಈಗ ಈ ಉತ್ತರದ ಹೃದಯಕ್ಕೆ ಬರುತ್ತೇನೆ. ವಿಪತ್ತಿನ ನಂತರ ನಮ್ಮ ಸಂಸ್ಥೆಗಳು ನಿಲ್ಲುವುದು ಹೆಚ್ಚಾಗಿ ನೀರಿನಿಂದಲ್ಲ, ಸಹಿ ಸಿಗದೆ.

ನಾನು ಕೆಲಸ ಮಾಡುತ್ತಿದ್ದ ಒಂದು ಸಂಸ್ಥೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಆಷಾಢದ ಮಳೆ. ಬಿಲ್ಲುಗಳಿಗೆ ಸಹಿ ಮಾಡಬೇಕಾದ ಅಧಿಕಾರಿ ವಾರಾಂತ್ಯಕ್ಕೆಂದು ಊರಿಗೆ ಹೋದವರು ಘಾಟಿಯ ಆಚೆ ಸಿಕ್ಕಿಕೊಂಡರು. ಸರ್ಕಾರಿ ಹಣ ಪಾವತಿಯ ತಂತ್ರಾಂಶವಾದ ಖಜಾನೆ–2ರಲ್ಲಿ ಬಿಲ್ ಮುಂದೆ ಹೋಗಲು ಅವರ ಡಿಜಿಟಲ್ ಸಹಿಯ ಕೀ ಬೇಕು. ನೋಡಲು ಪೆನ್‌ಡ್ರೈವ್‌ನಂತಿರುವ ಆ ಕೀ ಅವರ ಕೊಠಡಿಯ ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ಅವರ ಜೇಬಿನಲ್ಲಿತ್ತು. ಹಾಸ್ಟೆಲಿನಲ್ಲಿ ನೂರಕ್ಕೂ ಹೆಚ್ಚು ಹುಡುಗಿಯರಿದ್ದರು. ಮನೆಗೆ ಹೋಗೋಣವೆಂದರೆ ಬಸ್ಸಿಲ್ಲ. ದಿನಸಿ ಅಂಗಡಿಯವರು ಹಿಂದಿನ ಎರಡು ತಿಂಗಳ ಬಾಕಿ ಬಾರದೆ ಮೂಟೆ ಇಳಿಸಲಾರೆವೆಂದರು. ಅವರದೂ ತಪ್ಪಲ್ಲ. ಆ ದಿನ ಸಂಜೆ ಅಡುಗೆಮನೆಯ ಮುಖ್ಯಸ್ಥೆ, ಐವತ್ತು ದಾಟಿದ ಹೆಂಗಸು, ತಮ್ಮ ಮನೆಯಿಂದ ರಾಗಿ ಹಿಟ್ಟಿನ ಚೀಲ ಹೊರಿಸಿಕೊಂಡು ಬಂದು ಮುದ್ದೆ ತೊಳಸಿದರು. ಸಾರಿಗೆ ಹಿತ್ತಿಲಿನ ಸೊಪ್ಪು. ನಾನು ಅಲ್ಲೇ ನಿಂತಿದ್ದೆ. ಎಲ್ಲ ತಟ್ಟೆಗೂ ಬಡಿಸಿ ಮುಗಿಸಿದ ಮೇಲೆ ಅವರು, “ಸಾರ್, ನಾಳೆಗೆ ಏನು ಮಾಡಲಿ?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅಷ್ಟು ದೊಡ್ಡ ಸಂಸ್ಥೆಯಲ್ಲಿ ಐದು ಸಾವಿರ ರೂಪಾಯಿಯ ಅಕ್ಕಿ ತರಿಸುವ ಅಧಿಕಾರ ಆ ಹೊತ್ತಿಗೆ ಅಲ್ಲಿದ್ದ ಯಾರಿಗೂ ಇರಲಿಲ್ಲ.

ಅದಕ್ಕೇ ನಿಮ್ಮ ಯೋಜನೆಯ ಮೊದಲ ಪುಟದಲ್ಲಿ ಇರಬೇಕಾದದ್ದು ಅಧಿಕಾರದ ಸರಣಿ. ಪ್ರತಿ ಮುಖ್ಯ ಕೆಲಸಕ್ಕೂ ಮೂರು ಹುದ್ದೆಗಳನ್ನು ಬರೆಯಿರಿ: ಮೊದಲು ಯಾರು, ಅವರು ಸಿಗದಿದ್ದರೆ ಯಾರು, ಅವರೂ ಸಿಗದಿದ್ದರೆ ಯಾರು. ‘ಸಿಗದಿದ್ದರೆ’ ಎಂಬುದಕ್ಕೂ ಅರ್ಥ ಬೇಕು. ಎರಡು ಗಂಟೆ ಫೋನ್ ತಗುಲದಿದ್ದರೆ ಅಧಿಕಾರ ಮುಂದಿನವರಿಗೆ ಎಂದು ಸ್ಪಷ್ಟವಾಗಿ ನಮೂದಿಸಿ. ಮೂವರೂ ಹಾಸನದ ಒಂದೇ ದಿಕ್ಕಿನಲ್ಲಿ ವಾಸವಾಗಿರಬಾರದು. ಒಬ್ಬರು ಆಲೂರು ಕಡೆಯಿಂದ ಬರುವವರಾದರೆ ಇನ್ನೊಬ್ಬರು ನಗರದೊಳಗೆ, ಮತ್ತೊಬ್ಬರು ಚನ್ನರಾಯಪಟ್ಟಣದ ರಸ್ತೆಯಲ್ಲಿ ಇರಲಿ. ಎಷ್ಟು ರೂಪಾಯಿಯವರೆಗೆ ಖರ್ಚು ಮಾಡಬಹುದು, ಯಾವುದನ್ನು ಮಾಡುವಂತಿಲ್ಲ ಎಂಬ ಮಿತಿಯೂ ಬರಲಿ. ಒಬ್ಬರ ಡಿಜಿಟಲ್ ಸಹಿಯ ಕೀ ಮತ್ತು ಗುಪ್ತಪದವನ್ನು ಇನ್ನೊಬ್ಬರಿಗೆ ಕೊಟ್ಟು ಕೆಲಸ ಸಾಗಿಸುವ ರೂಢಿ ಅಲ್ಲಲ್ಲಿ ಇದೆ. ದಯವಿಟ್ಟು ಅದಕ್ಕೆ ಕೈಹಾಕಬೇಡಿ. ಅದು ನಿಯಮಕ್ಕೆ ವಿರುದ್ಧ, ಮುಂದೆ ಆಡಿಟ್‌ನಲ್ಲಿ ಬಡಪಾಯಿ ಗುಮಾಸ್ತರೊಬ್ಬರ ತಲೆಗೆ ಬರುತ್ತದೆ. ಎರಡನೆಯ ಅಧಿಕಾರಿಯ ಹೆಸರಿನಲ್ಲೇ ಅಧಿಕೃತವಾಗಿ ಅಧಿಕಾರ ಕೊಡಿಸಿ, ಅದಕ್ಕೆ ಹಿಡಿಯುವ ಸಮಯ ಲೆಕ್ಕ ಹಾಕಿ ಮೇ ತಿಂಗಳಿಗೆ ಮುಂಚೆಯೇ ಕಡತ ಮೇಲೆ ಕಳುಹಿಸಿ.

ತುರ್ತಿನಲ್ಲಿ ಕುಲಪತಿಗಳು ತಾವೇ ತೀರ್ಮಾನ ತೆಗೆದುಕೊಂಡು ಆಮೇಲೆ ಸಂಬಂಧಿಸಿದ ಪ್ರಾಧಿಕಾರದ ಮುಂದೆ ಇಡಲು ಕಾಯಿದೆಯಲ್ಲೇ ಅವಕಾಶವಿದೆ, ಇಷ್ಟೆಲ್ಲ ಏಕೆ ಎಂದು ಕೆಲವರು ಕೇಳಬಹುದು. ಅವಕಾಶವಿದೆ, ನಿಜ. ಆದರೆ ಆ ಅಧಿಕಾರ ಒಬ್ಬ ವ್ಯಕ್ತಿಯ ಫೋನಿಗೆ ಕಟ್ಟಿಕೊಂಡಿದೆ. ಆ ಫೋನ್ ತಗುಲದ ದಿನಕ್ಕಾಗಿಯೇ ನಾವು ಯೋಜನೆ ಬರೆಯುತ್ತಿರುವುದು. ಆದ್ದರಿಂದ ಅಧಿಕಾರದ ಸರಣಿಗೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಒಪ್ಪಿಗೆಯನ್ನು ಮುಂಚಿತವಾಗಿಯೇ ಪಡೆಯಿರಿ. ಒಪ್ಪಿಗೆಯಿಲ್ಲದ ಯೋಜನೆ ಬರಿಯ ಪ್ರಬಂಧ. ನಿಮಗೆ ಮೀರಿದ ತೀರ್ಮಾನಗಳು ಯಾವುವು ಎಂಬುದನ್ನೂ ಬರೆದಿಡಿ. 2020ರಲ್ಲಿ ಅಂತಿಮ ವರ್ಷದ ಪರೀಕ್ಷೆ ಬೇಕೇ ಬೇಡವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪರೀಕ್ಷೆಯನ್ನು ಮುಂದೂಡಬಹುದು, ಆದರೆ ಪರೀಕ್ಷೆಯೇ ಇಲ್ಲದೆ ಅಂತಿಮ ವರ್ಷದವರನ್ನು ತೇರ್ಗಡೆ ಮಾಡುವಂತಿಲ್ಲ ಎಂಬ ಅರ್ಥದ ತೀರ್ಪು ಆಗಸ್ಟ್ 28ರಂದು ಬಂತು. ಪರೀಕ್ಷೆಯನ್ನೇ ಕೈಬಿಡುವ ಅಧಿಕಾರ ಕ್ಯಾಂಪಸ್‌ನಲ್ಲಿ ಯಾರಿಗೂ ಇಲ್ಲ. ಮುಂದೂಡುವ, ಸ್ಥಳ ಬದಲಿಸುವ ದಾರಿಗಳಿವೆ. ಅವನ್ನು ಚೆನ್ನಾಗಿ ಬಳಸಲು ಕಲಿಯೋಣ.

ಪರೀಕ್ಷೆಯ ವಿಚಾರದಲ್ಲಿ ಹಾಸನಕ್ಕೆ ಒಂದು ವಿಶೇಷ ತೊಡಕಿದೆ. ನಮ್ಮ ಜಿಲ್ಲೆಯ ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಸಕಲೇಶಪುರದಲ್ಲಿ ಆಕಾಶ ಹರಿದು ಬೀಳುತ್ತಿರುವಾಗ ಅರಸೀಕೆರೆಯಲ್ಲಿ ಬಿಸಿಲು ಕಾಯುತ್ತಿರುತ್ತದೆ. ಪರೀಕ್ಷೆ ನಡೆಸಿದರೆ ಒಂದು ಕಡೆಯ ಮಕ್ಕಳಿಗೆ ಅನ್ಯಾಯ, ಮುಂದೂಡಿದರೆ ಇನ್ನೊಂದು ಕಡೆಯವರಿಗೆ. ಜಿಲ್ಲಾಧಿಕಾರಿಗಳು ತಾಲ್ಲೂಕುವಾರು ರಜೆ ಘೋಷಿಸುವಾಗ ಹಲವು ಬಾರಿ ಅದು ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗೆ ಮಾತ್ರ ಇರುತ್ತದೆ. ಪದವಿಯ ಮಕ್ಕಳು ಬೆಳಿಗ್ಗೆ ಆರಕ್ಕೆ ಕೊಡೆ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತು, ಬಸ್ ಬರುವುದೋ ಇಲ್ಲವೋ ಎಂದು ನೋಡುತ್ತಾರೆ. ಆ ಹೊತ್ತಿನಲ್ಲಿ ‘ಪರೀಕ್ಷೆ ಮುಂದೂಡಲಾಗಿದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಏನು ಪ್ರಯೋಜನ? ತೀರ್ಮಾನದ ಗಡುವು ಹಿಂದಿನ ದಿನ ಸಂಜೆ ಐದು ಗಂಟೆ ಎಂದು ಗೊತ್ತುಮಾಡಿ. ಯಾವ ಮಾಹಿತಿಯ ಮೇಲೆ ತೀರ್ಮಾನ ಎಂಬುದನ್ನೂ ಬರೆಯಿರಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಹೋಬಳಿ ಮಟ್ಟದ ಮಳೆಯ ಅಂಕಿ ಸಿಗುತ್ತದೆ. ಮಲೆನಾಡಿನ ತಾಲ್ಲೂಕುಗಳಿಗೆ ಅತಿ ಭಾರಿ ಮಳೆಯ ಮುನ್ಸೂಚನೆ ಇದ್ದರೆ ಅಂದು ಮಧ್ಯಾಹ್ನ ಮೂರಕ್ಕೆ ಸಭೆ ಸೇರಲೇಬೇಕು ಎಂಬ ನಿಯಮ ಸಾಕು. ಆಗ ಯಾರೂ ಆಕಾಶ ನೋಡಿ ಧೈರ್ಯ ಮಾಡಬೇಕಾಗಿಲ್ಲ.

ಮುಂದೂಡುವುದಕ್ಕಿಂತ ಒಳ್ಳೆಯ ದಾರಿ, ಮಗು ಇರುವ ಕಡೆಗೆ ಪರೀಕ್ಷೆಯನ್ನು ಒಯ್ಯುವುದು. ಸಕಲೇಶಪುರ ಹಾಸನದಿಂದ ಸುಮಾರು 40 ಕಿ.ಮೀ. ಅಲ್ಲಿಯ ಕಾಲೇಜೊಂದನ್ನು ಮಳೆಗಾಲದ ಪರ್ಯಾಯ ಕೇಂದ್ರವೆಂದು ಮೊದಲೇ ಗುರುತಿಸಿ, ‘ರಸ್ತೆ ಮುಚ್ಚಿದರೆ ನಿಮ್ಮ ಕೇಂದ್ರ ಇದು’ ಎಂದು ಪ್ರವೇಶಪತ್ರದಲ್ಲೇ ಮುದ್ರಿಸಬಹುದು. ಪ್ರಶ್ನೆಪತ್ರಿಕೆಯನ್ನು ಆನ್‌ಲೈನ್‌ನಲ್ಲಿ ಕಳುಹಿಸಿ ಕೇಂದ್ರದಲ್ಲೇ ಮುದ್ರಿಸುವ ಪದ್ಧತಿ ಇದ್ದರೆ ಅಲ್ಲಿಗೆ ಜನರೇಟರ್, ಎರಡು ಬೇರೆ ಕಂಪನಿಗಳ ಇಂಟರ್ನೆಟ್ ಸಂಪರ್ಕ, ಟೋನರ್ ತುಂಬಿದ ಯಂತ್ರ ಬೇಕು. ಜನರೇಟರ್ ಇದೆ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಎಷ್ಟು ಗಂಟೆಯ ಡೀಸೆಲ್ ಇದೆ, ಕಳೆದ ಬಾರಿ ಚಾಲೂ ಮಾಡಿದ್ದು ಯಾವಾಗ ಎಂದು ಕೇಳಿ. ಇದರ ಮೇಲೂ ಕೆಲವರು ತಪ್ಪಿಸಿಕೊಳ್ಳುತ್ತಾರೆ. ಅವರಿಗಾಗಿ ಪ್ರತಿ ವಿಷಯಕ್ಕೂ ಇನ್ನೊಂದು ಪ್ರಶ್ನೆಪತ್ರಿಕೆ ಸಿದ್ಧವಿರಬೇಕು, ಮುಖ್ಯ ಪರೀಕ್ಷೆ ಮುಗಿದ ಹತ್ತು ದಿನದೊಳಗೆ ವಿಶೇಷ ಪರೀಕ್ಷೆ ನಡೆಯಬೇಕು. ಅದನ್ನು ‘ಪೂರಕ ಪರೀಕ್ಷೆ’ ಎಂದು ಅಂಕಪಟ್ಟಿಯಲ್ಲಿ ಬರೆಯಬೇಡಿ. ಘಾಟಿ ಕುಸಿದದ್ದಕ್ಕೆ ಆ ಮಗು ಜೀವನವಿಡೀ ಸಂದರ್ಶನಗಳಲ್ಲಿ ವಿವರಣೆ ಕೊಡುತ್ತಾ ಇರುವುದು ಬೇಡ. ನಿಮ್ಮ ಬಿ.ಇಡಿ ಮಕ್ಕಳಂಥವರಿಗೆ ಅಂತಿಮ ಸೆಮಿಸ್ಟರಿನ ಮೌಲ್ಯಮಾಪನವನ್ನು ಉಳಿದವರಿಗಿಂತ ಮೊದಲು ಮುಗಿಸುವ ನಿಯಮವಿರಲಿ. ತಡವಾದರೆ ‘ಫಲಿತಾಂಶ ಇಂಥ ದಿನಾಂಕದೊಳಗೆ ಪ್ರಕಟವಾಗುತ್ತದೆ’ ಎಂದು ಕುಲಸಚಿವರು (ಮೌಲ್ಯಮಾಪನ) ಪ್ರವೇಶ ಸಂಸ್ಥೆಗಳಿಗೆ ಬರೆಯುವ ಪತ್ರದ ನಮೂನೆಯೂ ಈಗಲೇ ಸಿದ್ಧವಾಗಲಿ. ಆ ಒಂದು ಪತ್ರ ಸಕಾಲಕ್ಕೆ ಹೋಗಿ ಸೀಟು ಉಳಿದದ್ದನ್ನು ನಾನು ನೋಡಿದ್ದೇನೆ.

ದಾಖಲೆಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಇಲ್ಲಿ ಆಗುವ ನಷ್ಟವನ್ನು ಯಾವ ಹಣದಿಂದಲೂ ತುಂಬಲಾಗುವುದಿಲ್ಲ. ಈಚಿನ ವರ್ಷಗಳ ಅಂಕಗಳು ಕಂಪ್ಯೂಟರಿನಲ್ಲಿವೆ. ಹಳೆಯ ಅಂಕಗಳ ರಿಜಿಸ್ಟರುಗಳು, ಪ್ರವೇಶ ದಾಖಲೆಗಳು, ಸೇವಾ ಪುಸ್ತಕಗಳು ಇನ್ನೂ ಕಾಗದದ ಮೇಲಿವೆ, ಬಹಳ ಕಡೆ ನೆಲಮಹಡಿಯ ಮೂಲೆಯ ಕೋಣೆಯಲ್ಲಿವೆ. ನಾವೊಮ್ಮೆ ಅಂಥ ಕೋಣೆಯ ಬಾಗಿಲು ತೆರೆದಾಗ ನೀರು ಬಂದದ್ದು ನದಿಯಿಂದಲ್ಲ, ತಾರಸಿಯಿಂದ. ಎಲೆ ಕಟ್ಟಿಕೊಂಡು ಮಳೆನೀರಿನ ಕೊಳವೆ ಮುಚ್ಚಿ, ನೀರು ಗೋಡೆಯೊಳಗೆ ಇಳಿದು ಕಪಾಟಿನ ಕೆಳಗಿನ ಎರಡು ಸಾಲನ್ನು ನೆನೆಸಿತ್ತು. ರಿಜಿಸ್ಟರುಗಳು ಉಬ್ಬಿ ಕಪಾಟಿಗೇ ಬಿಗಿಯಾಗಿ ಕಚ್ಚಿಕೊಂಡಿದ್ದವು. ಬಾಲ್ ಪೆನ್ನಿನಲ್ಲಿ ಬರೆದದ್ದು ಬಹುತೇಕ ಉಳಿದಿತ್ತು. ಇಂಕ್ ಪೆನ್ನಿನ ನೀಲಿ ಅಂಕಿಗಳು ಹರಡಿ ಪುಟದ ತುಂಬ ಮೋಡದಂತೆ ಕಾಣುತ್ತಿದ್ದವು. ಒಬ್ಬ ಸಹಾಯಕರು ಒಳ್ಳೆಯ ಮನಸ್ಸಿನಿಂದಲೇ ಒಂದು ಪುಸ್ತಕವನ್ನು ಬಲವಂತವಾಗಿ ಬಿಡಿಸಲು ಹೋದರು. ನಾಲ್ಕು ಹಾಳೆ ಒಟ್ಟಿಗೆ ಹರಿದು ಕೈಗೆ ಬಂದವು. ನಾಲ್ಕು ಹಾಳೆಯಲ್ಲಿ ಎಷ್ಟು ಮಕ್ಕಳ ಭವಿಷ್ಯವಿತ್ತು ಎಂದು ಆ ರಾತ್ರಿಯಿಡೀ ಯೋಚಿಸಿದೆ.

ನೆನೆದ ಕಾಗದಕ್ಕೆ ಎರಡು ದಿನದಲ್ಲಿ ಬೂಷ್ಟು ಹಿಡಿಯಲು ಶುರುವಾಗುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಆದ್ದರಿಂದ ಮೊದಲ 48 ಗಂಟೆಯಲ್ಲಿ ಏನು ಮಾಡಬೇಕು ಎಂಬುದನ್ನು ಆ ಕೋಣೆಯ ಬಾಗಿಲಿನ ಮೇಲೇ ಅಂಟಿಸಿ. ಬಿಡಿಸಲು ಹೋಗಬಾರದು, ಬಿಸಿಲಿಗೆ ಹಾಕಬಾರದು, ಇಸ್ತ್ರಿಪೆಟ್ಟಿಗೆ ತಾಗಿಸಬಾರದು. ಸ್ವಲ್ಪ ತೇವವಾದವನ್ನು ಫ್ಯಾನಿನ ಗಾಳಿಯಲ್ಲಿ, ಪುಟಗಳ ನಡುವೆ ಅಲ್ಲಲ್ಲಿ ನೀರು ಹೀರುವ ಬಿಳಿ ಕಾಗದ ಇಟ್ಟು, ಗಂಟೆಗೊಮ್ಮೆ ಅದನ್ನು ಬದಲಿಸುತ್ತಾ ಒಣಗಿಸಬೇಕು. ಪೂರ್ತಿ ತೊಯ್ದವು ನೂರಾರಿದ್ದರೆ ಒಣಗಿಸುವ ಮುಂಚೆಯೇ ಬೂಷ್ಟು ಬರುತ್ತದೆ; ಅವನ್ನು ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹೆಪ್ಪುಗಟ್ಟಿಸಿಬಿಡಬೇಕು. ಹೆಪ್ಪುಗಟ್ಟಿದ ಕಾಗದ ಕೆಡುವುದಿಲ್ಲ, ಆಮೇಲೆ ನಿಧಾನವಾಗಿ ತಜ್ಞರಿಂದ ಒಣಗಿಸಬಹುದು. ನಮ್ಮ ಹಾಸನದಲ್ಲಿ ಆಲೂಗಡ್ಡೆ ಇಡುವ ಶೀತಲಗೃಹಗಳು ಇವೆಯಲ್ಲ ಎಂದು ನೀವು ಯೋಚಿಸಬಹುದು. ಅಲ್ಲಿಯ ತಂಪು ಶೂನ್ಯಕ್ಕಿಂತ ಮೇಲೆಯೇ ಇರುತ್ತದೆ. ಬೂಷ್ಟನ್ನು ನಿಧಾನಿಸುತ್ತದೆ, ತಡೆಯುವುದಿಲ್ಲ. ಐಸ್‌ಕ್ರೀಂ ಇಡುವಂಥ, ಮೈನಸ್ 18–20 ಡಿಗ್ರಿಯ ಕೋಣೆ ಬೇಕು. ಅಂಥದ್ದು ಹತ್ತಿರದಲ್ಲಿ ಯಾರ ಬಳಿ ಇದೆ ಎಂದು ವಿಚಾರಿಸಿ ಒಂದು ಮಾತು ಆಡಿಟ್ಟುಕೊಳ್ಳಿ. ಇದಕ್ಕಿಂತ ಮೊದಲು, ಇದೇ ತಿಂಗಳು, ರಿಜಿಸ್ಟರುಗಳನ್ನು ನೆಲದಿಂದ ಮೇಲಕ್ಕೆ ಎತ್ತಿಸಿ, ಸ್ಕ್ಯಾನ್ ಮಾಡಿಸಿ, ತಾರಸಿಯ ಎಲೆ ಗುಡಿಸಿ. ಗುಡಿಸಿದ ದಿನಾಂಕ ಬರೆದು ಸಹಿ ಮಾಡಲು ಒಂದು ಪುಸ್ತಕವೂ ಇರಲಿ.

ಕಂಪ್ಯೂಟರ್ ದತ್ತಾಂಶಕ್ಕೆ ಹಳೆಯ ಸೂತ್ರವೇ ಸಾಕು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ದೂರದ ಊರಿನಲ್ಲಿ. ದೂರವೆಂದರೆ ಪಕ್ಕದ ಬ್ಲಾಕ್ ಅಲ್ಲ. ಬೇರೆ ಮಳೆ, ಬೇರೆ ವಿದ್ಯುತ್ ಜಾಲ ಇರುವ ಊರು. ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಬ್ಬ ವಿದ್ಯಾರ್ಥಿಯ ಪೂರ್ಣ ದಾಖಲೆಯನ್ನು ಮರಳಿ ತೆಗೆದು ನೋಡಿ. ತೆಗೆದು ನೋಡದ ಪ್ರತಿ ಇದ್ದೂ ಇಲ್ಲದಂತೆ.

ಸುದ್ದಿ ತಲುಪಿಸುವ ವಿಷಯ. ವಾಟ್ಸ್‌ಆ್ಯಪ್ ಗುಂಪು ಇರಲಿ, ಅದೊಂದನ್ನೇ ನಂಬಬೇಡಿ. ಇಂಟರ್ನೆಟ್ ಹೋದ ಮೇಲೂ ಸ್ವಲ್ಪ ಹೊತ್ತು ಎಸ್‌ಎಂಎಸ್ ಹೋಗುತ್ತದೆ. ಅದೂ ನಿಂತ ಮೇಲೆ ಬ್ಯಾಟರಿ ಹಾಕಿದ ರೇಡಿಯೊ ಇದೆ. ಹಾಸನದ ಆಕಾಶವಾಣಿ ನಮಗೆ ದೊಡ್ಡ ಆಸರೆ. ಪರೀಕ್ಷೆಯ ಪ್ರಕಟಣೆಯನ್ನು ಅವರಿಗೆ ಯಾರು, ಎಷ್ಟು ಗಂಟೆಯೊಳಗೆ, ಯಾವ ನಮೂನೆಯಲ್ಲಿ ಕಳುಹಿಸಬೇಕೆಂದು ಮೊದಲೇ ಮಾತನಾಡಿ. ಗ್ರಾಮ ಪಂಚಾಯಿತಿ ಕಚೇರಿಯ ಫಲಕ, ಸಕಲೇಶಪುರದ ಬಸ್ ನಿಲ್ದಾಣದ ವಿಚಾರಣಾ ಕಿಟಕಿ, ಇವೂ ಪಟ್ಟಿಯಲ್ಲಿರಲಿ. ಎಲ್ಲಕ್ಕಿಂತ ಮುಖ್ಯ, ‘ಏನೂ ಸುದ್ದಿ ಸಿಗದಿದ್ದರೆ ಏನು ತಿಳಿಯಬೇಕು’ ಎಂಬ ನಿಯಮ. ‘ಮಳೆಯಿಂದ ಬರಲಾಗದಿದ್ದರೆ ಹೆದರಬೇಡಿ, ಪ್ರಾಣ ಪಣಕ್ಕಿಡಬೇಡಿ, ನಿಮಗೆ ಇನ್ನೊಂದು ಅವಕಾಶ ಇದ್ದೇ ಇದೆ’ ಎಂದು ಜೂನ್‌ನಲ್ಲೇ ಪ್ರತಿ ತರಗತಿಯಲ್ಲಿ ಓದಿ ಹೇಳಿಸಿ. ಪರೀಕ್ಷೆ ತಪ್ಪೀತೆಂಬ ಭಯದಿಂದ ತುಂಬಿ ಹರಿಯುವ ಹಳ್ಳ ದಾಟಲು ಹೋಗುವ ಮಕ್ಕಳಿದ್ದಾರೆ ಮೇಡಂ. ಈ ಒಂದು ವಾಕ್ಯ ಅವರನ್ನು ದಡದಲ್ಲೇ ನಿಲ್ಲಿಸುತ್ತದೆ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ವಿಪತ್ತು ಬಂದಾಗ ನಿಮ್ಮ ಕ್ಯಾಂಪಸ್‌ಗೆ ಹಾನಿಯಾಗದೆ ಇರಬಹುದು. ಆಗ ಮನೆ ಕಳೆದುಕೊಂಡವರಿಗೆ ಕಾಳಜಿ ಕೇಂದ್ರ ತೆರೆಯಲು ಜಿಲ್ಲಾಡಳಿತ ನಿಮ್ಮ ಕಟ್ಟಡವನ್ನು ಕೇಳಬಹುದು. 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಅವರ ಕೋರಿಕೆಗೆ ಇಲ್ಲವೆನ್ನುವ ಪ್ರಶ್ನೆ ಬರುವುದಿಲ್ಲ, ಬರಲೂ ಬಾರದು. ಆದರೆ ಯಾವ ಕಟ್ಟಡ ಕೊಡಬಹುದು, ಅಲ್ಲಿ ಶೌಚಾಲಯ ಎಷ್ಟು, ಅಡುಗೆಗೆ ಜಾಗ ಎಲ್ಲಿ, ಉತ್ತರಪತ್ರಿಕೆ ಇಟ್ಟ ಭದ್ರತಾ ಕೊಠಡಿಯಿರುವ ಬ್ಲಾಕ್ ಏಕೆ ಕೊಡಲಾಗದು ಎಂಬುದನ್ನು ನೀವೇ ಮೊದಲು ಜಿಲ್ಲಾಧಿಕಾರಿ ಕಚೇರಿಗೆ ಬರೆದು ತಿಳಿಸಿ. ಕೊನೆಯ ಗಳಿಗೆಯಲ್ಲಿ ಬಂದವರು ಕಣ್ಣಿಗೆ ಕಂಡ ದೊಡ್ಡ ಕೋಣೆ ತೆರೆಸುತ್ತಾರೆ. ಅವರಿಗೂ ಬೇರೆ ದಾರಿಯಿರುವುದಿಲ್ಲ.

ಪ್ರಯೋಗಾಲಯಗಳ ಬಗ್ಗೆ ಚಿಕ್ಕದಾಗಿ. ಜೀವಿಗಳಿಗೆ ರಜೆ ಎಂಬುದಿಲ್ಲ. 2001ರ ಜೂನ್‌ನಲ್ಲಿ ಹ್ಯೂಸ್ಟನ್ ನಗರದ ವೈದ್ಯಕೀಯ ಸಂಸ್ಥೆಗಳ ನೆಲಮಾಳಿಗೆಗೆ ಮಳೆನೀರು ನುಗ್ಗಿ ಸಂಶೋಧನೆಯ ಸಾವಿರಾರು ಪ್ರಾಣಿಗಳೂ ವರ್ಷಗಳ ಮಾದರಿಗಳೂ ಹೋದವು. ಕಾರೆಕೆರೆಯ ಕೃಷಿ ಕಾಲೇಜು, ಹಾಸನದ ಪಶುವೈದ್ಯಕೀಯ ಕಾಲೇಜುಗಳಂಥ ಕಡೆ ಈ ಚಿಂತೆ ದೊಡ್ಡದು. ನಿಮ್ಮಲ್ಲಿ ಚಿಕ್ಕದಾದರೂ ಇದೆ. ಪ್ರತಿ ಪ್ರಯೋಗಾಲಯದ ಬಾಗಿಲಿಗೆ ಒಂದು ಚೀಟಿ: ಒಳಗೆ ಏನಿದೆ, ಕರೆಂಟ್ ಇಲ್ಲದೆ ಎಷ್ಟು ಗಂಟೆ ತಡೆಯುತ್ತದೆ, ಯಾರಿಗೆ ಫೋನ್ ಮಾಡಬೇಕು.

ಜನರನ್ನು ಮರೆತರೆ ಯಾವ ಯೋಜನೆಯೂ ನಡೆಯುವುದಿಲ್ಲ. ಮರುದಿನ ಕೆಲಸಕ್ಕೆ ಬರಬೇಕಾದ ಗುಮಾಸ್ತರ ಮನೆಗೇ ನೀರು ನುಗ್ಗಿರಬಹುದು. ಪಾಠದ ಬಹುಪಾಲು ಹೊರುವ ಅತಿಥಿ ಉಪನ್ಯಾಸಕರಿಗೆ ತರಗತಿ ನಡೆಯದ ದಿನಗಳ ಗೌರವಧನ ಹೇಗೆ ಎಂಬುದು ಮೊದಲೇ ತೀರ್ಮಾನವಾಗಲಿ. ಆ ಭರವಸೆಯಿಲ್ಲದೆ ಅವರಿಂದ ಹೆಚ್ಚುವರಿ ತರಗತಿ ಕೇಳುವುದು ಸರಿಯಲ್ಲ. ಹಾಜರಾತಿ ಕೊರತೆಯ ವಿನಾಯಿತಿಗೂ ಸಿಂಡಿಕೇಟ್‌ನಿಂದ ಒಂದು ಸಾಮಾನ್ಯ ನಿರ್ಣಯ ಮಾಡಿಸಿಬಿಡಿ, ಪ್ರತಿ ಮಗುವೂ ತಹಶೀಲ್ದಾರರ ಪತ್ರಕ್ಕೆ ಅಲೆಯುವಂತಾಗಬಾರದು.

ಇಷ್ಟನ್ನು ಹದಿನೈದು ಪುಟದೊಳಗೆ ಬರೆಯಿರಿ, ಕನ್ನಡದಲ್ಲಿ ಬರೆಯಿರಿ. ರಾತ್ರಿ ಪಾಳಿಯ ಕಾವಲುಗಾರರೂ ಓದಬೇಕಾದ ಕಾಗದ ಅದು. ಮುದ್ರಿಸಿದ ಪ್ರತಿಗಳು ಕಚೇರಿಯಲ್ಲಿ ಮಾತ್ರವಲ್ಲ, ಮುಖ್ಯರಾದ ಎಲ್ಲರ ಮನೆಯಲ್ಲೂ ಇರಲಿ. ಮೇ ತಿಂಗಳ ಒಂದು ಮಧ್ಯಾಹ್ನ ಎಲ್ಲರನ್ನೂ ಎರಡು ಗಂಟೆ ಒಂದು ಮೇಜಿನ ಸುತ್ತ ಕೂರಿಸಿ. ಹಾಸ್ಟೆಲ್ ಅಡುಗೆಯವರು, ಎಲೆಕ್ಟ್ರೀಷಿಯನ್, ಪರೀಕ್ಷಾ ವಿಭಾಗದ ಸಹಾಯಕರು, ಇಬ್ಬರು ವಿದ್ಯಾರ್ಥಿ ಪ್ರತಿನಿಧಿಗಳು ಖಂಡಿತ ಬರಲಿ. ಎಲ್ಲರ ಫೋನುಗಳನ್ನೂ ಒಂದು ಬುಟ್ಟಿಯಲ್ಲಿ ಇಡಿಸಿ. ಆಮೇಲೆ ಹೇಳಿ: “ಇಂದು ಜುಲೈ 20. ರಾತ್ರಿಯಿಂದ ಕರೆಂಟ್ ಇಲ್ಲ. ಕುಲಪತಿಗಳು ಬೆಂಗಳೂರಿನಲ್ಲಿದ್ದಾರೆ, ಫೋನ್ ತಗುಲುತ್ತಿಲ್ಲ. ಮಾರನಹಳ್ಳಿಯ ಹತ್ತಿರ ರಸ್ತೆ ಮುಚ್ಚಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಆರನೇ ಸೆಮಿಸ್ಟರ್ ಪರೀಕ್ಷೆ. ಹಾಸ್ಟೆಲಿನಲ್ಲಿ ಒಂದು ದಿನದ ಅಕ್ಕಿ ಇದೆ. ಈಗ ಗಂಟೆ ಮೂರು.” ಇಷ್ಟು ಹೇಳಿ ನೀವು ಸುಮ್ಮನಿರಿ. ಯಾರ ಮುಖವನ್ನು ಯಾರು ನೋಡುತ್ತಾರೆ, ಯಾವ ಪ್ರಶ್ನೆಗೆ ಮೇಜಿನ ಸುತ್ತ ಮೌನ ಬೀಳುತ್ತದೆ ಎಂಬುದನ್ನು ಬರೆದುಕೊಳ್ಳಿ. ಮೌನ ಬಿದ್ದ ಕಡೆಯೆಲ್ಲ ನಿಮ್ಮ ಯೋಜನೆಯಲ್ಲಿ ಒಂದು ಹುದ್ದೆಯ ಹೆಸರು ಬರೆಯಬೇಕಾಗಿದೆ.